ಪುಣೆ ಬಾಲ್ಕನೀಲಿ ಎರೆಹುಳ ಸಾಕೋದು ಹೀಗೆ

ಇಲ್ಲಿನ ನರ್ಸರೀಲಿ ಎರೆಹುಳ ಅಂದ್ರೆ ತಿಳಿಯಲ್ಲ, ‘ಗಾಂಡೂಳ’ ಅನ್ನಿ, ಗೊಬ್ಬರ ಬೇಕಿದ್ರೆ ‘ಗಾಂಡೂಳ ಖತ್’ ಅಂತ ಕೇಳಿ. ಮಳೆಗಾಲದಲ್ಲಿ ಸೊಸೈಟಿ ಪಾರ್ಕಿಂಗಲ್ಲಿ ತೆವಳೋ ಹುಳ ತಂದು ಹಾಕ್ಬೇಡಿ ಪ್ಲೀಸ್, ಮಣ್ಣು ಕೊರೆಯೋ ಜಾತಿ ಡಬ್ಬದಲ್ಲಿ ಬಾಳಲ್ಲ, ಮೇಲ್ಪದರದಲ್ಲೇ ಇದ್ದು ಕಸ ತಿನ್ನೋ ಕೆಂಪು ಹುಳ ಇದ್ಯಲ್ಲ, ಐಸೀನಿಯಾ ಫೆಟಿಡಾ, ಅದೇ ಬೇಕು. ಟಬ್ ತಳಕ್ಕೆ ತೂತು ಮಾಡಿ ತೆಂಗಿನ ನಾರು, ಹಳೇ ಸಗಣಿ ಹಾಕಿ (ಹಸಿ ಸಗಣಿ ಬಿಸಿಯೇರತ್ತೆ, ಪಾಪ ಹುಳ ಸತ್ತೋಗ್ತವೆ), ಹಿಂಡಿದ ಬಟ್ಟೆಯಷ್ಟು ತೇವ ಇರ್ಲಿ ಯಾಕಂದ್ರೆ ಅವು ಉಸಿರಾಡೋದೇ ಒದ್ದೆ ಚರ್ಮದಿಂದ. ತರಕಾರಿ ಸಿಪ್ಪೆ ಸ್ವಲ್ಪ ಸ್ವಲ್ಪ ಕೊಡಿ. ನಿಂಬೆ, ಉಪ್ಪಿನಕಾಯಿ, ಎಣ್ಣೆ ಪದಾರ್ಥ ಬೇಡ್ವೇ ಬೇಡ. ಏಪ್ರಿಲ್-ಮೇ ಬಿಸಿಲಿಗೆ ಟಬ್ ನೆರಳಿಗೆ ಸರಿಸಿ ಒದ್ದೆ ಗೋಣಿಚೀಲ ಹೊದಿಸಿ. ಎರಡ್ಮೂರು ತಿಂಗಳಲ್ಲಿ ಚಹಾಪುಡಿ ಥರ ಉದುರುದುರು ಗೊಬ್ಬರ ಸಿಗತ್ತೆ, ಮೊದಲ ಮುಷ್ಟಿ ತುಳಸಿಗೆ ಹಾಕಿ.