ಗೇರುಬೀಜದ ಹಸ್ಕ್ ಕೊನೆಗೂ ಕೈಹಿಡಿಯಿತು

"ಹಸ್ಕ್ ಬೇಯಿಸಿ ಕಷಾಯ ಮಾರ್ತೀಯಾ?" ಅಂತ ಭಾವ ಕೇಳಿ ಮೂರು ವರ್ಷ ಆಯಿತು. ಹಸ್ಕ್ ಅಂದರೆ ಗೇರುಬೀಜದ ತಿರುಳಿಗೆ ಅಂಟಿದ ತೆಳು ಕೆಂಪು ಸಿಪ್ಪೆ. ಈಗ ಅವರ ಬೇಕರಿಯ ಚಕ್ಕುಲಿ ಬೇಗ ಕಮಟಾಗದ ಹಾಗೆ ಆ ಕಷಾಯ ಒಣಗಿಸಿದ ನನ್ನ ಪುಡಿಯೇ ಹೋಗುತ್ತಿದೆ.

ಕಾರ್ಕಳದ ಹತ್ತಿರ ನಮ್ಮದು ಸಣ್ಣ ಗೇರುಬೀಜ ಫ್ಯಾಕ್ಟರಿ. ಟನ್ ಬೀಜಕ್ಕೆ 20 ಕಿಲೋ ಆಸುಪಾಸು ಕೆಂಪು ಹಸ್ಕ್ ಬರುತ್ತದೆ. ಚರ್ಮ ಹದ ಮಾಡಲಿಕ್ಕೆಂದು ವ್ಯಾಪಾರಿ ಒಯ್ಯುತ್ತಿದ್ದ, ಕೊಟ್ಟದ್ದೇ ರೇಟು. ಗ್ರೀನ್ ಟೀಯಲ್ಲಿರುವ ಕ್ಯಾಟೆಚಿನ್, ಅಂದರೆ ಎಣ್ಣೆ ಬೇಗ ಕಮಟಾಗದಂತೆ ತಡೆಯುವ ಒಗರು ಅಂಶ, ಇದರಲ್ಲೂ ತುಂಬಾ ಇದೆ ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಮೊದಲ ಸಲ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ಹತ್ತೇ ನಿಮಿಷಕ್ಕೆ ಶಾಯಿಯ ಹಾಗೆ ಕಪ್ಪಾಯಿತು. ಒಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಸ್ಟೀಲ್ ಪಾತ್ರೆ ತಂದೆ. ಎರಡನೇ ಸಲ ಹಸ್ಕಿನಲ್ಲಿ ಸುಡುವ ಎಣ್ಣೆಯಿರುವ ಹೊರಚಿಪ್ಪಿನ ಚೂರು ಉಳಿದಿತ್ತು. ರುಚಿ ನೋಡಿದ್ದಕ್ಕೆ ತುಟಿ ಸುಟ್ಟು ಸಿಪ್ಪೆ ಎದ್ದಿತು. ಅಂದಿನಿಂದ ಸುಲಿಯುವ ಅಕ್ಕಂದಿರು ಮೊರದಲ್ಲಿ ಎರಡು ಸಲ ಕೇರಿದ ಮೇಲೆಯೇ ಪಾತ್ರೆಗೆ ಹಾಕುವುದು. ಮೂರನೆಯದನ್ನು ಬೇಗ ಬತ್ತಿಸಲು ಹೋಗಿ ತಳ ಹಿಡಿಸಿದೆ. ಸುಮಾರು 80 ಕಿಲೋ ಹಸ್ಕ್ ಹೀಗೇ ಹಾಳಾಯಿತು.

ಆಲ್ಕೋಹಾಲ್ ಬೆರೆಸಿದರೆ ಹಸ್ಕಿನ ಸತ್ವ ಜಾಸ್ತಿ ಇಳಿಯುತ್ತದೆ, ನಿಜ. ಆದರೆ ಅಬಕಾರಿ ಲೈಸೆನ್ಸ್ ಯಾರಿಗೆ ಬೇಕು? ಬರೀ ನೀರು, ಕುದಿ ಬರುವ ಮೊದಲೇ ಉರಿ ಕಡಿಮೆ. ಸೋಸುವ ಮುಂಚೆ ಇನ್ನೊಂದು ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ನಮ್ಮ ಮಳೆಗಾಲದಲ್ಲಿ ಕಷಾಯ ಒಣಗಿಸಲು ಬಿಸಿಲು ನಂಬಿದರೆ ಬೂಸ್ಟು ಖಂಡಿತ. ಟ್ರೇ ಡ್ರೈಯರಿಗೆ ಒಂದೂವರೆ ಲಕ್ಷದ ಹತ್ತಿರ ಸುರಿದೆ. 20 ಕಿಲೋಗೆ ಮೂರು, ಮೂರೂವರೆ ಕಿಲೋ ಪುಡಿ ಸಿಗುತ್ತದೆ. ಈ ವರ್ಷ ಸಾಲ ತೀರುತ್ತದೆ.

ಪುಡಿಯನ್ನು ಕರಿಯುವ ಎಣ್ಣೆಗೆ ನೇರ ಹಾಕಿ ನೋಡಿದೆ, ಕರಗದೆ ತಳಕ್ಕಿಳಿಯಿತು. ಹಿಟ್ಟಿಗೆ ಕಲಸಿದಾಗಲೇ ಕೆಲಸ ಆದದ್ದು. ಸಾದಾ ಚಕ್ಕುಲಿ ಐದನೇ ವಾರಕ್ಕೆ ಕಮಟು, ನನ್ನದು ಒಂಬತ್ತನೇ ವಾರಕ್ಕೂ ಗರಿಗರಿ. ಲ್ಯಾಬಿನಲ್ಲಿ ಪೆರಾಕ್ಸೈಡ್, ಅಂದರೆ ಎಣ್ಣೆ ಎಷ್ಟು ಕೆಟ್ಟಿದೆ ಅಂತ ತೋರಿಸುವ ಅಳತೆ, ನೋಡಿಸಿದೆ, ಅಲ್ಲೂ ಗೆದ್ದೆ. ಕಿಲೋ ಹಿಟ್ಟಿಗೆ ಎರಡು ಗ್ರಾಂ ದಾಟಿಸಬೇಡಿ, ನಾಲಿಗೆ ಒಗರಾಗುತ್ತದೆ.

ನಡುವೆ ಶೇಂಗಾ ಸಿಪ್ಪೆಯನ್ನೂ ಬೇಯಿಸಿದೆ. ಬಣ್ಣ ಚೆನ್ನ, ಆದರೆ ಬೂಸ್ಟಿನ ವಿಷದ ಭಯಕ್ಕೆ ಬಿಟ್ಟೆ. ಉಳಿದ ಗೇರು ಕಷಾಯಕ್ಕೆ ಪಟಿಕ ಹಾಕಿ ಹೆಂಡತಿಯ ಹತ್ತಿ ಸೀರೆ ಅದ್ದಿದೆವು. ಬಂದ ಕಂದು ಬಣ್ಣ ಅವಳಿಗೆ ತುಂಬಾ ಇಷ್ಟವಾಯಿತು.

ಇದು ಮದ್ದು ಅಂತ ನಾನು ಎಲ್ಲೂ ಹೇಳಿ ಮಾರುವುದಿಲ್ಲ. ಪ್ಯಾಕೆಟ್ ಮೇಲೆ "ಗೋಡಂಬಿ ಅಲರ್ಜಿ ಇರುವವರು ತಿನ್ನಬಾರದು" ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಭಾವನಿಗೂ ಹಾಗೇ ಹಾಕಲು ಹೇಳಿದ್ದೇನೆ.