ದಾಸವಾಳದ ಮೂವರು ಬಂಧುಗಳನ್ನು ಬೀಜದಿಂದ ಬೆಳೆಸಿದ್ದು

ದಾಸವಾಳ ಬೆಳೆಸಿ ಅಭ್ಯಾಸವಿದ್ದ ನಾನು ಅದೇ ಕುಟುಂಬದ ಹಾಲಿಹಾಕ್, ಕಾಡು ಮ್ಯಾಲೋ ಮತ್ತು ಜೌಗು ಮ್ಯಾಲೋಗಳನ್ನು ಬೀಜದಿಂದಲೇ ಬೆಳೆಸಲು ಹೊರಟು, ಮೊದಲ ವರ್ಷ ಬಹುಪಾಲು ಸಸಿಗಳನ್ನು ಕಳೆದುಕೊಂಡೆ. ಹಾಲಿಹಾಕ್ ಸಸಿಗಳಿಗೆ ಆರೇಳು ಎಲೆ ಬರುವವರೆಗೂ ತಟ್ಟೆಯಲ್ಲೇ ಇಟ್ಟು, ಆಮೇಲೆ ಕಿತ್ತು ನೆಟ್ಟಿದ್ದೆ. ಅವು ಒಂದೊಂದಾಗಿ ಬಾಡಿದವು. ಸತ್ತ ಸಸಿಯೊಂದನ್ನು ಅಗೆದು ನೋಡಿದಾಗ ಕಾರಣ ತಿಳಿಯಿತು: ತಾಯಿಬೇರು ತಟ್ಟೆಯ ತಳಕ್ಕೆ ತಾಗಿ ಸುತ್ತಿಕೊಂಡಿತ್ತು, ಕೀಳುವಾಗ ಅದರ ತುದಿ ತುಂಡಾಗಿತ್ತು.

ಮರುವರ್ಷ ಬೀಜಗಳ ಗಟ್ಟಿ ಸಿಪ್ಪೆಯನ್ನು ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಆಳವಾಗಿ ಸಡಿಲಿಸಿದ ಮಣ್ಣಿನಲ್ಲಿ ನೇರವಾಗಿ ಬಿತ್ತಿದೆ. ಹಾಲಿಹಾಕ್ ಸಾಮಾನ್ಯವಾಗಿ ಎರಡು ವರ್ಷದ ಗಿಡ. ಮೊದಲ ವರ್ಷ ನೆಲಮಟ್ಟದಲ್ಲಿ ಎಲೆಗಳನ್ನಷ್ಟೇ ಹರಡಿಕೊಂಡು, ಎರಡನೆಯ ವರ್ಷ ಆಳೆತ್ತರವನ್ನೂ ಮೀರುವ ಹೂದಂಡನ್ನು ಎಬ್ಬಿಸುತ್ತದೆ. ಇದನ್ನು ತಿಳಿಯದವರು ಹೂವಿಲ್ಲವೆಂದು ಮೊದಲ ವರ್ಷವೇ ಕಿತ್ತೆಸೆಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೂರರ ಹೂವಿಗೂ ಐದು ಎಸಳು. ನಡುವೆ ಕೇಸರಗಳೆಲ್ಲ ಕೂಡಿಕೊಂಡು ದಾಸವಾಳದಲ್ಲಿರುವಂತೆಯೇ ಒಂದು ಕೊಳವೆಯಾಗಿರುತ್ತವೆ. ಗುರುತಿಸಲು ನಾನು ಹೂವನ್ನು ತಿರುಗಿಸಿ ಹಿಂಬದಿ ನೋಡುತ್ತೇನೆ. ಹಸಿರು ಪುಷ್ಪಪಾತ್ರೆಯ ಹೊರಗೆ ಬಿಡಿಬಿಡಿಯಾಗಿ ಮೂರೇ ಪುಟ್ಟ ಎಲೆಗಳಿದ್ದರೆ ಅದು ಕಾಡು ಮ್ಯಾಲೋ. ಆರು ಅಥವಾ ಹೆಚ್ಚಿದ್ದು ಬುಡದಲ್ಲಿ ಕೂಡಿಕೊಂಡಿದ್ದರೆ ಉಳಿದೆರಡರಲ್ಲಿ ಒಂದು. ಗಿಡದ ಎಲೆಗಳು ಮಖಮಲ್ಲಿನಷ್ಟು ಮೃದುವಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಜೌಗು ಮ್ಯಾಲೋ ಎಂದು ಧೈರ್ಯವಾಗಿ ಹೇಳಬಹುದು. ಕಾಯಿ ಮಾತ್ರ ಮೂರರಲ್ಲೂ ಚಪ್ಪಟೆ ಚಕ್ರದಂತಿದ್ದು, ಒಣಗಿದಾಗ ಒಂದೊಂದು ಬೀಜದ ತುಂಡುಗಳಾಗಿ ಬಿಡಿಸಿಕೊಳ್ಳುತ್ತದೆ.

ಜಾಗದ ಆಯ್ಕೆಯಲ್ಲಿ ಇವು ಒಂದೇ ರೀತಿಯವಲ್ಲ. ಕಾಡು ಮ್ಯಾಲೋ ದಾರಿಯಂಚಿನಲ್ಲೂ ಪಾಳುನೆಲದಲ್ಲೂ ತಾನಾಗಿ ಹುಟ್ಟುವ ಗಿಡವಾದ್ದರಿಂದ ಬಡ ಮಣ್ಣಿನಲ್ಲೇ ನೆಮ್ಮದಿಯಾಗಿತ್ತು. ಜೌಗು ಮ್ಯಾಲೋ ನದಿದಂಡೆ ಹಾಗೂ ಉಪ್ಪುನೀರಿನ ಜೌಗಿನದು. ಅದನ್ನು ನೀರು ಹರಿದುಹೋಗುವ ತಗ್ಗಿನಲ್ಲಿ ಹಾಕಿದ ಮೇಲೆಯೇ ಬಲಿಯಿತು. ಹಾಲಿಹಾಕ್‌ಗೆ ಬಿಸಿಲು ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು.

ನನ್ನನ್ನು ಅತಿಯಾಗಿ ಕಾಡಿದ್ದು ಹಾಲಿಹಾಕ್‌ನ ತುಕ್ಕು ರೋಗ. ದಕ್ಷಿಣ ಅಮೆರಿಕ ಮೂಲದ ಈ ಶಿಲೀಂಧ್ರ ಕೆಳಗಿನ ಎಲೆಗಳಿಂದ ಶುರುವಾಗಿ, ಮೇಲ್ಭಾಗದಲ್ಲಿ ಹಳದಿ ಚುಕ್ಕೆಗಳನ್ನೂ ಅಡಿಯಲ್ಲಿ ಕಂದು ಗುಳ್ಳೆಗಳನ್ನೂ ಮೂಡಿಸುತ್ತದೆ. ರೋಗ ತಗುಲಿದ ಎಲೆಗಳನ್ನು ಎಷ್ಟು ಕಿತ್ತರೂ ಮತ್ತೆ ಬರುತ್ತಿತ್ತು. ಕೊನೆಗೆ ಪಕ್ಕದಲ್ಲೇ ಇದ್ದ ಕಾಡು ಮ್ಯಾಲೋದ ಎಲೆಯಡಿಯಲ್ಲೂ ಅದೇ ಗುಳ್ಳೆಗಳು ಸಿಕ್ಕವು. ಆ ಕಾಡು ಮ್ಯಾಲೋ ಗಿಡಗಳನ್ನು ತೆಗೆದು, ಅವನ್ನು ಹೊಸದಾಗಿ ಹಿತ್ತಲಿನ ಇನ್ನೊಂದು ತುದಿಯಲ್ಲಿ ಬಿತ್ತಿದೆ. ಹಾಲಿಹಾಕ್‌ಗಳ ನಡುವೆ ಎರಡಡಿ ಅಂತರ ಬಿಟ್ಟು, ಎಲೆ ತೋಯದಂತೆ ಬುಡಕ್ಕೇ ನೀರುಣಿಸಿದೆ. ರೋಗ ಪೂರ್ತಿ ಹೋಗಲಿಲ್ಲ, ಆದರೆ ಹೂವಿನ ಕಾಲಕ್ಕೆ ಗಿಡ ಬರಿದಾಗುವುದು ನಿಂತಿತು.

ಕಾಡು ಮ್ಯಾಲೋದ ಎಳೆ ಎಲೆಗಳನ್ನು ನಾನು ಸೊಪ್ಪಿನಂತೆ ಬೇಯಿಸುತ್ತೇನೆ. ಬೆಂಡೆಯಲ್ಲಿರುವಂಥದೇ ಲೋಳೆ ಸಾರನ್ನು ಗಟ್ಟಿಯಾಗಿಸುತ್ತದೆ. ಗೊಬ್ಬರ ಹೆಚ್ಚಾದ ನೆಲದಲ್ಲಿ ಎಲೆಗಳು ನೈಟ್ರೇಟ್ ಕೂಡಿಟ್ಟುಕೊಳ್ಳುವುದರಿಂದ ಅಂಥಲ್ಲಿಂದ ಕೊಯ್ಯುವುದಿಲ್ಲ. ಅದರ ಒಣಹೂವನ್ನು ಬಿಸಿನೀರಿಗೆ ಹಾಕಿದರೆ ನೀಲಿ ಬಣ್ಣ ಬಿಡುತ್ತದೆ, ನಿಂಬೆರಸ ಹಿಂಡಿದರೆ ಗುಲಾಬಿಗೆ ತಿರುಗುತ್ತದೆ.

ಜೌಗು ಮ್ಯಾಲೋದ ಬೇರನ್ನು ಎರಡು ವರ್ಷ ಕಳೆದ ಮೇಲೆ, ಕಾಂಡ ಒಣಗಿದಾಗ ಅಗೆಯುತ್ತೇನೆ. ಮಾರ್ಷ್‌ಮ್ಯಾಲೋ ಮಿಠಾಯಿಗೆ ಹೆಸರು ಕೊಟ್ಟದ್ದು ಈ ಗಿಡವೇ, ಈಗಿನ ಮಿಠಾಯಿಯಲ್ಲಿ ಸಾಮಾನ್ಯವಾಗಿ ಬೇರಿನ ಬದಲು ಜೆಲಾಟಿನ್ ಇರುತ್ತದೆ. ಬೇರಿನ ಚೂರುಗಳನ್ನು ತಣ್ಣೀರಿನಲ್ಲಿ ಕೆಲವು ಗಂಟೆ ನೆನೆಸಿದರೆ ಲೋಳೆ ಬಿಡುತ್ತದೆ. ಕುದಿಸಿದರೆ ಪಿಷ್ಟವೂ ಕರಗಿ ಬರುವುದರಿಂದ ನಾನು ಕುದಿಸುವುದಿಲ್ಲ. ಒಣಕೆಮ್ಮಿದ್ದಾಗ ಈ ನೀರು ಕುಡಿದರೆ ಗಂಟಲಿಗೆ ಹಿತವಾಗುತ್ತದೆ. ಲೋಳೆಯು ಮಾತ್ರೆಗಳ ಹೀರಿಕೆಯನ್ನು ತಡಮಾಡಬಹುದಾದ್ದರಿಂದ, ಔಷಧಿ ತೆಗೆದುಕೊಳ್ಳುವ ಹೊತ್ತಿಗೆ ಅದನ್ನು ಕುಡಿಯುವುದಿಲ್ಲ.