30 ಅಂಕಿಗೆ ಸುಸ್ತಾದ ರೆಜೆಕ್ಸ್

ಅಲ್ಪವಿರಾಮದಿಂದ ಬೇರೆ ಮಾಡಿದ ಸಂಖ್ಯೆಗಳ ಸಾಲನ್ನು ಪರೀಕ್ಷಿಸಲು ಹೀಗೊಂದು ರೆಜೆಕ್ಸ್ (ಪಠ್ಯ ಯಾವ ಮಾದರಿಯಲ್ಲಿರಬೇಕು ಎಂದು ಹೇಳುವ ಸೂತ್ರ) ಬರೆದಿದ್ದೆ:

^([0-9]+,?)*$

ಸರಿಯಾದ ಸಾಲು ಬಂದಾಗೆಲ್ಲ ಕ್ಷಣದಲ್ಲಿ ಮುಗಿಯುತ್ತಿತ್ತು. ಒಂದು ದಿನ 30 ಅಂಕಿಗಳ ಕೊನೆಗೆ # ಅಂಟಿಕೊಂಡು ಬಂತು. ಪೈಥಾನ್ ಪ್ರೋಗ್ರಾಂ ಅಲ್ಲೇ ನಿಂತಿತು. ನಾನು ಸುಮ್ನೆ ಫೈಲ್ ಓದುವ ಕೋಡನ್ನು ಬೈದುಕೊಂಡೆ.

ತಪ್ಪು ಆ ಪ್ರಶ್ನಾರ್ಥಕ ಚಿಹ್ನೆಯದು. ಅಲ್ಪವಿರಾಮ ಇಲ್ಲದಿದ್ದರೂ ನಡೆಯುತ್ತದೆ ಅಂದಮೇಲೆ ಅಂಕಿಗಳನ್ನು ಎಲ್ಲಿ ಬೇಕಾದರೂ ತುಂಡು ಮಾಡಬಹುದು ಅಲ್ವಾ? 30 ಅಂಕಿಗೆ 2ರ 29ನೇ ಘಾತ, ಅಂದರೆ 53 ಕೋಟಿಗೂ ಜಾಸ್ತಿ ದಾರಿ. # ಕಂಡು ಸೋತ ಎಂಜಿನ್ (ರೆಜೆಕ್ಸ್ ಹೊಂದುತ್ತದಾ ಎಂದು ನೋಡುವ ಕೋಡು) ಹಿಂದೆ ಬಂದು ಒಂದೊಂದನ್ನೂ ನೋಡುತ್ತದೆ.

ಬದಲಿಸಿದ್ದು ಇಷ್ಟೇ:

^[0-9]+(,[0-9]+)*,?$

ಈಗ * ಮಾಡಿಸುವ ಪ್ರತಿ ಸುತ್ತೂ ಅಲ್ಪವಿರಾಮದಿಂದಲೇ ಶುರು. ಒಡೆಯಲು ಒಂದೇ ದಾರಿ. ಖಾಲಿ ಸಾಲು ಮಾತ್ರ ಇನ್ನು ಪಾಸಾಗುವುದಿಲ್ಲ, ನನಗೂ ಅದೇ ಬೇಕಿತ್ತು.